ಗುಂಡಿ ಒಂದು ಕಡೆ, ಬೂದಿ ಒಂದು ಕಡೆ

ತಮಿಳುನಾಡಿನ ನೈವೇಲಿ ಲಿಗ್ನೈಟ್ ಗಣಿಯ ವಿಡಿಯೊ ಹಾಕಿ ಗೆಳೆಯನೊಬ್ಬ ಬರೆದಿದ್ದ: "ಇಂಥದ್ದೊಂದು ರಾಯಚೂರಲ್ಲೂ ಇದ್ದಿದ್ರೆ ಕಲ್ಲಿದ್ದಲಿಗೆ ಬ್ಯಾರೆಯವರ ಬಾಯಿ ನೋಡೋದು ತಪ್ತಿತ್ತು." ಇಲ್ಲದ್ದೇ ಚಲೋ ಆತು ಬಿಡಪ್ಪ ಅಂದೆ.

ಲಿಗ್ನೈಟ್ ಅಂದರೆ ಇನ್ನೂ ಬಲಿಯದ ಕಂದು ಕಲ್ಲಿದ್ದಲು. ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ದೂರ ಸಾಗಿಸಿದರೆ ಆ ನೀರಿಗೂ ರೈಲಿನ ಬಾಡಿಗೆ ಕಟ್ಟಬೇಕು. ಜಾಸ್ತಿ ದಿನ ರಾಶಿ ಹಾಕಿಟ್ಟರೆ ಒಳಗೇ ಕಾವು ಹೆಚ್ಚಿ ತಾನಾಗಿ ಹೊತ್ತಿಕೊಳ್ಳಬಹುದು. ಅದಕ್ಕೇ ಗಣಿ ಪಕ್ಕದಲ್ಲೇ ವಿದ್ಯುತ್ ಸ್ಥಾವರ. ಗುಂಡಿ, ಚಿಮಣಿ, ಬೂದಿ ಎಲ್ಲ ಒಂದೇ ಊರಿನ ತಲೆ ಮೇಲೆ.

ವಿಡಿಯೊದಲ್ಲಿ ಎಲ್ಲರೂ ಬಾಯಿ ಬಿಟ್ಟು ನೋಡೋದು ಬಕೆಟ್ ಚಕ್ರದ ಯಂತ್ರ. ಚಕ್ರ ತಿರುಗಿದ ಹಾಗೆ ಬಕೆಟ್‌ಗಳು ಮಣ್ಣು ಕೆರೆದು ಬೆಲ್ಟಿಗೆ ಸುರಿಯುತ್ತವೆ. ಜರ್ಮನಿಯ ಹಂಬಾಖ್ ಗಣಿಗೆಂದು 1978ರಲ್ಲಿ ಮಾಡಿದ ಇಂಥದ್ದೇ ಯಂತ್ರ ಬಾಗರ್ 288 ಸುಮಾರು 13,500 ಟನ್ ತೂಗುತ್ತದೆ. ದಿನಕ್ಕೆ 2.4 ಲಕ್ಷ ಟನ್ ಕಲ್ಲಿದ್ದಲು ಅಗೆಯಬಲ್ಲದು. ಅದನ್ನು ನಡೆಸಲು ಬೆರಳೆಣಿಕೆಯ ಜನ ಸಾಕು. ಗಣಿ ಬಂದರೆ ಊರಿಗೆಲ್ಲ ಕೆಲಸ ಅನ್ನುವವರು ಈ ಲೆಕ್ಕ ಸ್ವಲ್ಪ ನೋಡಿ.

ಇನ್ನು ನೀರು. ನೈವೇಲಿಯಲ್ಲಿ ಲಿಗ್ನೈಟ್ ಪದರದ ಕೆಳಗೆ ಭಾರಿ ಒತ್ತಡದ ಅಂತರ್ಜಲವಿದೆ. ಹಗಲು ರಾತ್ರಿ ಪಂಪು ಓಡಿಸಿ ಅದನ್ನು ಎತ್ತದಿದ್ದರೆ ಗಣಿಯ ತಳವೇ ಒಡೆದು ನೀರು ನುಗ್ಗುತ್ತದೆ. ಒಂದು ಬೋರ್ ಫೇಲಾದರೆ ಸಾಲ ಮಾಡಿ ಇನ್ನೊಂದು ಹಾಕಿಸುವ ನಮ್ಮ ಲಿಂಗಸುಗೂರು, ದೇವದುರ್ಗದ ರೈತನಿಗೆ ಇದನ್ನು ಹೇಳಿ ನೋಡಿ, ಏನಂತಾನೆ! 2023ರಲ್ಲಿ ನೈವೇಲಿಯಲ್ಲಿ ಗಣಿಯವರು ಕಾಲುವೆ ತೋಡಲು ಬೆಳೆದು ನಿಂತ ಭತ್ತದ ಮೇಲೆ ಯಂತ್ರ ಹರಿಸಿದ್ದಕ್ಕೆ ಆದ ಗಲಾಟೆ ಗೊತ್ತಲ್ವಾ? ಆ ಗಣಿಯ ಪಕ್ಕದ ಕರೆಂಟಿನಲ್ಲಿ ಕರ್ನಾಟಕಕ್ಕೂ ಪಾಲಿದೆ. ಸುಮ್ನೆ ತಮಿಳುನಾಡಿನ ಸುದ್ದಿ ಅಂತ ಮುಂದೆ ಹೋಗುವ ಹಾಗಿಲ್ಲ.

ನಮ್ಮ ರಾಯಚೂರಿನ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಕಥೆ ಬೇರೆ. 1985ರಿಂದ ಉರಿಯುತ್ತಿದೆ. ಗುಂಡಿ ಬಿದ್ದದ್ದು ತೆಲಂಗಾಣದ ಸಿಂಗರೇಣಿ ಕಲ್ಲಿದ್ದಲು ಗಣಿಯಲ್ಲಿ, ಬೂದಿ ಬಿದ್ದದ್ದು ಕೃಷ್ಣೆಯ ದಂಡೆಯಲ್ಲಿ, ಬೆಳಕು ರಾಜ್ಯಕ್ಕೆಲ್ಲ. ಹಾರುಬೂದಿ ಲಾರಿಗೆ ತಾಡಪಾಲು ಬಿಗಿಯಾಗಿ ಕಟ್ಟದಿದ್ದರೆ ಹಿಂದೆ ಬೈಕಲ್ಲಿ ಬರುವವನ ಹುಬ್ಬೂ ಬೆಳ್ಳಗಾಗುತ್ತದೆ. ನೈವೇಲಿಯವರು ಎಲ್ಲವನ್ನೂ ಒಂದೇ ಕಡೆ ನಿಂತು ತೋರಿಸಿ ಜಗಳ ಆಡಬಹುದು. ನಮಗೆ ಯಾರ ಜೊತೆ ಆಡಬೇಕು ಅನ್ನೋದೇ ಗೊತ್ತಾಗಲ್ಲ.

ಗಣಿ ಇರುವ ಜಿಲ್ಲೆಗೆ, ಗಣಿಯವರು ಕಟ್ಟುವ ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡು ಬರುತ್ತದೆ. ಅದು ನ್ಯಾಯವೇ. ಹಾಗೇ ಆ ಕಲ್ಲಿದ್ದಲು ಸುಡುವ ಊರಿಗೂ ಮಾರಿದ ಪ್ರತಿ ಯೂನಿಟ್ಟಿನ ಮೇಲೆ ಪಾಲು ಕೊಡಲಿ, ಸ್ಥಾವರ ಉರಿಯುವಷ್ಟು ಕಾಲ. ಮೊದಲಿಗೆ ಒಂದು ಪೈಸೆ ಆದರೂ ಸರಿ.