ತಕ್ಕಡಿ ಯಾರ ಕೈಯಲ್ಲಿದೆ?

ಮಗಳ ಸಮಾಜ ವಿಜ್ಞಾನದ ನೋಟ್ಸಿನಲ್ಲಿ ಒಂದು ಸಾಲು: "ಬ್ರಿಟಿಷರು ಒಡೆದು ಆಳುವ ನೀತಿಯನ್ನು ಅನುಸರಿಸಿದರು." ಒಂದು ಅಂಕದ ಉತ್ತರ. ಹಾಗಂದ್ರೇನು ಅಂತ ಕೇಳಿದೆ. "ಜಗಳ ಹಚ್ಚೋದು" ಅಂದಳು. ತಪ್ಪಲ್ಲ. ಆದರೆ ಹೇಗೆ ಹಚ್ಚುತ್ತಾರೆ, ಜಗಳ ಆಡುವವರು ಯಾಕೆ ಸಿಕ್ಕಿಬೀಳುತ್ತಾರೆ ಅನ್ನೋದು ಆ ನೋಟ್ಸಿನಲ್ಲಿ ಎಲ್ಲೂ ಇರಲಿಲ್ಲ.

ಎರಡು ಬೆಕ್ಕು, ಒಂದು ಕೋತಿ, ಒಂದಿಷ್ಟು ಬೆಣ್ಣೆ. ಈ ಕಥೆ ಹೇಳಿ ಮುಗಿಸುವಾಗ ನಾವೆಲ್ಲ "ನೋಡು, ಜಗಳ ಆಡಬಾರದು" ಅನ್ನುತ್ತೇವೆ. ಬುದ್ಧಿಮಾತೆಲ್ಲ ಬೆಕ್ಕುಗಳಿಗೆ. ಬೆಣ್ಣೆ ತಿಂದ ಕೋತಿಯ ಬಗ್ಗೆ ಒಂದು ಮಾತೂ ಇಲ್ಲ. ಕೋತಿ ಜಗಳ ಹುಟ್ಟಿಸಲಿಲ್ಲ, ನ್ಯಾಯ ಹೇಳ್ತೀನಿ ಅಂತ ಬಂತು. ಪ್ರತಿ ಸಲವೂ ತಕ್ಕಡಿ ಒಂದು ಕಡೆ ವಾಲುವ ಹಾಗೆ ನೋಡಿಕೊಂಡಿತು. ಈ ಬೆಕ್ಕಿನ ಕಣ್ಣು ಆ ಬೆಕ್ಕಿನ ತಟ್ಟೆಯ ಮೇಲೆ, ಆ ಬೆಕ್ಕಿನ ಕಣ್ಣು ಈ ತಟ್ಟೆಯ ಮೇಲೆ. ಕೋತಿಯ ಬಾಯಿ ಕಡೆ ಎರಡೂ ನೋಡಲಿಲ್ಲ. ಮಕ್ಕಳಿಗೆ ಹೇಳಬೇಕಾದ ಜಾಗ ಇದು ಅಂತ ನನಗೆ ಅನ್ನಿಸುತ್ತದೆ.

ಸಾಮ, ದಾನ, ಭೇದ, ದಂಡ. ಭೇದವನ್ನು ಪಾಠವಾಗಿ ಕಲಿಸುವುದು ನಮ್ಮಲ್ಲಿ ಹೊಸತೇನಲ್ಲ. ಪಂಚತಂತ್ರದ ಮೊದಲ ತಂತ್ರವೇ ಮಿತ್ರಭೇದ. ದಮನಕ ಎಂಬ ನರಿ ಸಿಂಹದ ಕಿವಿಯಲ್ಲಿ ಒಂದು, ಎತ್ತಿನ ಕಿವಿಯಲ್ಲಿ ಇನ್ನೊಂದು ಊದುತ್ತದೆ. ಎತ್ತು ಸಾಯುತ್ತದೆ, ನರಿಯ ಸ್ಥಾನ ಭದ್ರವಾಗುತ್ತದೆ. ಆದರೆ ಆ ಪಾಠ ಕೇಳಿದವರು ರಾಜಕುಮಾರರು, ಮುಂದೆ ಆಳಬೇಕಾದವರು. ನಮ್ಮ ಮಕ್ಕಳು ಅದನ್ನು ಎತ್ತಿನ ಕಡೆಯಿಂದ ಕೇಳಬೇಕು.

1905ರಲ್ಲಿ ವೈಸ್‌ರಾಯ್ ಕರ್ಜನ್ ಬಂಗಾಳವನ್ನು ಎರಡು ಮಾಡಿದಾಗ ಹೊರಗೆ ಕೊಟ್ಟ ಕಾರಣ ಆಡಳಿತದ ಅನುಕೂಲ. ಒಂದಾದ ಬಂಗಾಳ ಒಂದು ಶಕ್ತಿ, ಒಡೆದರೆ ದಿಕ್ಕಿಗೊಂದು ಎಳೆಯುತ್ತದೆ ಎಂದು ಗೃಹ ಕಾರ್ಯದರ್ಶಿ ರಿಸ್ಲೆ ಅದಕ್ಕೂ ಮೊದಲೇ ಬರೆದಿದ್ದ. ಇದನ್ನು ಹೇಳಿದರೆ ಮಗುವಿಗೆ ಆ ಒಂದು ಅಂಕದ ಸಾಲು ಜೀವಂತವಾಗುತ್ತದೆ.

ಆಫ್ರಿಕಾದ ರುವಾಂಡ ದೇಶದ ಕಥೆ ಹೇಳುವುದು ಕಷ್ಟ. ಅಲ್ಲಿನ ಎರಡು ಗುಂಪುಗಳಾದ ಹೂಟು, ಟುಟ್ಸಿ ಇಬ್ಬರದೂ ಒಂದೇ ಭಾಷೆ, ಅಕ್ಕಪಕ್ಕದ ಬದುಕು. ಅವರ ನಡುವೆ ಮೇಲುಕೀಳು ಮೊದಲೂ ಇತ್ತು, ಆದರೆ ಗೆರೆ ಅಷ್ಟು ಗಟ್ಟಿಯಾಗಿರಲಿಲ್ಲ. 1930ರ ದಶಕದಲ್ಲಿ ಅಲ್ಲಿ ಆಳುತ್ತಿದ್ದ ಬೆಲ್ಜಿಯಂ ಪ್ರತಿಯೊಬ್ಬರ ಗುರುತಿನ ಚೀಟಿಯಲ್ಲಿ ಯಾರು ಯಾವ ಗುಂಪು ಎಂದು ಬರೆಸಿತು. ಮೊದಲು ಟುಟ್ಸಿಗಳನ್ನು ಮೇಲೆ ಕೂರಿಸಿತು, 1950ರ ದಶಕದ ಕೊನೆಗೆ ಹೂಟುಗಳ ಕಡೆ ವಾಲಿತು. ಅದೇ ತಕ್ಕಡಿ. ಬೆಲ್ಜಿಯಂ ಹೋಯಿತು, ಚೀಟಿಯ ಮೇಲಿನ ಆ ಗುರುತು ಉಳಿಯಿತು. 1994ರಲ್ಲಿ ಹೂಟು ಉಗ್ರರು ದಾರಿ ಅಡ್ಡಗಟ್ಟಿ ಆ ಚೀಟಿ ನೋಡಿಯೇ ಟುಟ್ಸಿಗಳನ್ನು ಕೊಂದರು. ಸುಮಾರು 100 ದಿನಗಳಲ್ಲಿ ಸತ್ತವರು ಸುಮಾರು 8 ಲಕ್ಷ. ಕೊಂದವರು ಹೊರಗಿನವರಲ್ಲ. ಅದನ್ನೂ ಮುಚ್ಚಿಡದೆ ಮಕ್ಕಳಿಗೆ ಹೇಳಬೇಕು.

ಇದನ್ನು ಅರ್ಧ ಕಲಿಸಿದರೆ ಅಪಾಯವಿದೆ. ಅನ್ಯಾಯ ಆಯ್ತು ಅಂದವರನ್ನೆಲ್ಲ "ಒಡೆಯುವವರು" ಅನ್ನುವುದೂ ಅಧಿಕಾರದ ಹಳೆಯ ಚಾಳಿ. ಅಂಬೇಡ್ಕರ್ ದುಂಡುಮೇಜಿನ ಪರಿಷತ್ತಿನಲ್ಲಿ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ, ಅಂದರೆ ತಮ್ಮ ಪ್ರತಿನಿಧಿಯನ್ನು ತಾವೇ ಆರಿಸುವ ವ್ಯವಸ್ಥೆ, ಕೇಳಿದಾಗಲೂ ಆ ಮಾತು ಬಂದಿತ್ತು. ಆ ಒಡಕು ಅವರು ಮಾಡಿದ್ದಲ್ಲ, ಅನುಭವಿಸಿದ್ದು.

ಇಷ್ಟೆಲ್ಲ ಮಗಳಿಗೆ ಹೇಳುವಾಗ ನನ್ನ ಮನೆಯೂ ನೆನಪಾಯಿತು. "ಅಕ್ಕ ಮೊಬೈಲ್ ಹಿಡಿದ್ರೆ ನಂಗೆ ಬಂದು ಹೇಳು" ಅಂತ ಮಗನಿಗೆ ಹೇಳಿದವಳು ನಾನೇ. "ತಮ್ಮನ್ನ ನೋಡಿ ಕಲಿ" ಅಂತ ಅವಳಿಗೆ ಹೇಳಿದವಳೂ ನಾನೇ. ಮೊದಲೆಲ್ಲ ಇಬ್ಬರೂ ಒಟ್ಟಿಗೆ ಬಂದು "ಅಮ್ಮ, ಇದು ಸರಿಯಿಲ್ಲ" ಅಂತ ವಾದ ಮಾಡುತ್ತಿದ್ದರು. ಅದು ನಿಂತುಹೋಯಿತು. ನನಗೆ ಸಲೀಸಾಯಿತು.

ಮಾತು ಮುಗಿದ ಮೇಲೆ ಅವಳು ತಮ್ಮನನ್ನು ಕರೆದು, "ಅವತ್ತು ಅಮ್ಮನಿಗೆ ಯಾಕೋ ಹೇಳ್ದೆ?" ಅಂತ ಕೇಳಿದಳು. ಅವನು ಉತ್ತರ ಕೊಡಲಿಲ್ಲ, ನನ್ನ ಮುಖ ನೋಡಿದ. ನಾನೇ ಹೇಳಬೇಕಾಯಿತು.