ಜಾಹೀರಾತು ಬೇಡ್ವಾ? ಅದಕ್ಕೆ ಬೇರೆ ಚಾರ್ಜ್ ಸಾರ್

ಜನಕ್ಕೆ ಬೇಕಾದ್ದನ್ನು ಮಾರಿ ದುಡ್ಡು ಮಾಡೋದು ಹಳೇ ವ್ಯಾಪಾರ. ಮೊದಲು ಕಾಟ ಕೊಟ್ಟು, ಆಮೇಲೆ ಆ ಕಾಟ ನಿಲ್ಲಿಸೋಕೆ ದುಡ್ಡು ಕೇಳೋದು ಹೊಸ ವ್ಯಾಪಾರ. ಇದನ್ನೇ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಮಾಡಿದರೆ ಪೊಲೀಸರು ಎತ್ತಾಕಿಕೊಂಡು ಹೋಗುತ್ತಾರೆ. ಟಿವಿಯಲ್ಲಿ ಮಾಡಿದರೆ ಅದಕ್ಕೆ ಸ್ಟ್ರಾಟಜಿ ಅಂತಾರೆ.

ಅಮೆಜಾನ್ ಪ್ರೈಮ್ ವಿಡಿಯೋ 2025ರ ಜೂನ್ 17ರಿಂದ ನಮ್ಮ ದೇಶದಲ್ಲೂ ಜಾಹೀರಾತು ಶುರು ಮಾಡಿತು. ವರ್ಷಕ್ಕೆ 1,499 ರೂಪಾಯಿ ಕಟ್ಟಿದವರಿಗೇ ಇದು, ಸುಮ್ನೆ ಬಂದು ಇಣುಕುವವರಿಗಲ್ಲ. ಜಾಹೀರಾತು ಬೇಡವಾ? ಇನ್ನೊಂದು 699 ಕಟ್ಟಿ. ವರ್ಷಕ್ಕೆ ಒಟ್ಟಿಗೆ ಕಷ್ಟ ಆದರೆ ತಿಂಗಳಿಗೆ 129. ಹೊಸ ಸಿನಿಮಾ ಕೊಡ್ತೀವಿ, ಇನ್ನೂ ಚೆನ್ನಾಗಿ ಕಾಣೋ ಹಾಗೆ ಮಾಡ್ತೀವಿ ಅಂತ ಅಲ್ಲ. ಜೂನ್ 16ರಂದು ಹೇಗಿತ್ತೋ ಹಾಗೇ ಇರಬೇಕಾದರೆ 699, ಅಷ್ಟೇ.

ಹಾಸನದ ಕೆ.ಆರ್.ಪುರಂನಲ್ಲಿರುವ ನಮ್ಮ ದೊಡ್ಡಮ್ಮನಿಗೆ ಇದನ್ನು ಅರ್ಥ ಮಾಡಿಸಲು ಕೂತೆ. ಪೂರ್ತಿ ಕೇಳಿಸಿಕೊಂಡು, "ಕಾಸೂ ನಾವೇ ಕೊಡದು, ಸೋಪಿನ ಜಾಹೀರಾತೂ ನಾವೇ ನೋಡದು, ಆಮೇಲೆ ಅದನ್ನ ತೆಗ್ಸಕ್ಕೂ ನಾವೇ ಕಾಸು ಕೊಡದಾ? ಅವ್ರು ಏನಪ್ಪಾ ಮಾಡ್ತಾರೆ ಹಂಗಾದ್ರೆ?" ಅಂದರು. ದೊಡ್ಡಮ್ಮ ಓದಿದ್ದು ಏಳನೇ ಕ್ಲಾಸು. ಎಂಬಿಎ ಮಾಡಿಲ್ಲದ್ದಕ್ಕೇ ಈ ಪ್ರಶ್ನೆ ಹೊಳೆದದ್ದು ಅಂತ ನನ್ನ ಅನುಮಾನ.

ನಮ್ಮೂರಿನವರಿಗೆ ಇದನ್ನು ತಿಳಿಸೋದು ನಿಜವಾಗಿ ಅಷ್ಟು ಕಷ್ಟ ಅಲ್ಲ, ಹಾಸನಾಂಬೆ ಸರದಿ ನೋಡಿದವರಿಗೆ ಎಲ್ಲಾ ಗೊತ್ತಿದೆ. ಅಮ್ಮ ಬಾಗಿಲು ತೆಗೆಯೋದೇ ವರ್ಷಕ್ಕೊಂದು ಸಲ, ಆಶ್ವಯುಜದಲ್ಲಿ, ಕೆಲವೇ ದಿನ. ಧರ್ಮದರ್ಶನಕ್ಕೆ ದುಡ್ಡಿಲ್ಲ, ಕಾಲು ನೋಯುತ್ತೆ ಅಷ್ಟೇ. 300 ರೂಪಾಯಿ ಕೊಟ್ಟರೆ ಒಂದು ಸಾಲು, 1,000 ಕೊಟ್ಟರೆ ಇನ್ನೂ ಬೇಗ ಸಾಗೋ ಸಾಲು, ಪಾಸ್ ಇದ್ದವರದ್ದು ಬೇರೆಯೇ ಕಥೆ. ಒಳಗೆ ಇರೋ ದೇವರು ಎಲ್ಲರಿಗೂ ಒಂದೇ. ಆದರೂ ಒಂದು ವ್ಯತ್ಯಾಸ ಒಪ್ಪಿಕೊಳ್ಳಲೇಬೇಕು. 1,000 ರೂಪಾಯಿ ಕೊಟ್ಟು ಒಳಗೆ ಹೋದರೆ "ಕ್ಷಮಿಸಿ, ಈ ವರ್ಷ ಅಮ್ಮ ಬೇರೆ ದೇವಸ್ಥಾನಕ್ಕೆ ಹೋಗಿದ್ದಾರೆ, ಅಲ್ಲಿ ಹೊಸದಾಗಿ ಚಂದಾ ಕಟ್ಟಿ" ಅಂತ ಯಾವ ಅರ್ಚಕರೂ ಇವತ್ತಿನವರೆಗೆ ಹೇಳಿಲ್ಲ.

ಒಟಿಟಿಯಲ್ಲಿ, ಅಂದರೆ ಇಂಟರ್ನೆಟ್‌ನಲ್ಲಿ ಸಿನಿಮಾ, ಸರಣಿ ತೋರಿಸೋ ಆ್ಯಪ್‌ಗಳಲ್ಲಿ, ಇದು ಮಾಮೂಲು. ಅಮೆರಿಕದ ಎಚ್‌ಬಿಒ ಚಾನೆಲ್ಲಿನ ಸರಣಿಗಳನ್ನೇ ನೋಡಿ. ಅದಕ್ಕಾಗಿಯೇ ಡಿಸ್ನಿ ಪ್ಲಸ್ ಹಾಟ್‌ಸ್ಟಾರ್‌ಗೆ ವರ್ಷದ ದುಡ್ಡು ಕಟ್ಟಿಕೊಂಡಿದ್ದ ಜನ ಇದ್ದರು. 2023ರ ಮಾರ್ಚ್ 31ಕ್ಕೆ ಅವೆಲ್ಲ ಅಲ್ಲಿಂದ ಎದ್ದು ಹೋದವು. ಸ್ವಲ್ಪ ದಿನದಲ್ಲೇ ಜಿಯೋಸಿನಿಮಾದಲ್ಲಿ ಪ್ರತ್ಯಕ್ಷವಾದವು, ಅಲ್ಲಿ ವರ್ಷಕ್ಕೆ 999. ಸರಿ ಅಂತ ಅಲ್ಲೂ ಕಟ್ಟಿದರು. ಆಮೇಲೆ ಹಾಟ್‌ಸ್ಟಾರ್ ಮತ್ತು ಜಿಯೋಸಿನಿಮಾ ಎರಡೂ ಒಂದೇ ಆದವು. ಅಂದರೆ ಆ ಸರಣಿಗಳು ಊರೆಲ್ಲ ಸುತ್ತಿ ಹಳೇ ಮನೆಗೇ ಬಂದವು, ಬಸ್ ಚಾರ್ಜ್ ಮಾತ್ರ ನಮ್ಮದು.

ಈ ಎರಡರ ಜಗಳದ ಕಥೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಷ್ಟು ದುಡ್ಡು ಇಷ್ಟು ಚೆನ್ನಾಗಿ ಸುಟ್ಟುಹೋದದ್ದನ್ನು ನಾವು ಜಾಸ್ತಿ ನೋಡಿಲ್ಲ.

2022ರಲ್ಲಿ ಐಪಿಎಲ್ ಹಕ್ಕು ಹರಾಜಾಯಿತು, 2023ರಿಂದ 2027ರವರೆಗೆ ಐದು ವರ್ಷಕ್ಕೆ. ಟಿವಿಯಲ್ಲಿ ತೋರಿಸುವ ಹಕ್ಕು ಹಾಟ್‌ಸ್ಟಾರ್ ನಡೆಸುತ್ತಿದ್ದ ಸ್ಟಾರ್‌ಗೆ, 23,575 ಕೋಟಿ. ಮೊಬೈಲಿನಲ್ಲಿ ತೋರಿಸುವ ಹಕ್ಕು ರಿಲಯನ್ಸ್ ಕಡೆಯ ವಯಾಕಾಮ್18ಗೆ, 23,758 ಕೋಟಿ. ಕೈಯಗಲದ ಪರದೆ ಗೋಡೆಯಗಲದ ಪರದೆಗಿಂತ ದುಬಾರಿಯಾಯಿತು. ಇಷ್ಟು ಸುರಿದವರು ಅದನ್ನು ಏನು ಮಾಡಿದರು? 2023ರಲ್ಲಿ ಜಿಯೋಸಿನಿಮಾದಲ್ಲಿ ಪುಕ್ಕಟೆ ಹಂಚಿದರು. ಯಾವ ಸಿಮ್ ಇದ್ದರೂ ಸರಿ, ಬನ್ನಿ ನೋಡಿ. ಅದುವರೆಗೆ ಐಪಿಎಲ್‌ಗೆ ಅಂತ ಹಾಟ್‌ಸ್ಟಾರ್‌ಗೆ ಕಟ್ಟುತ್ತಿದ್ದವರು ಅಲ್ಲಿಂದ ಜಾಗ ಖಾಲಿ ಮಾಡಿದರು. 2022ರ ಅಕ್ಟೋಬರ್ ಹೊತ್ತಿಗೆ 6.13 ಕೋಟಿ ಇದ್ದ ಚಂದಾದಾರರು ಒಂದೇ ವರ್ಷದಲ್ಲಿ 3.76 ಕೋಟಿಗೆ ಇಳಿದರು. ಹಾಟ್‌ಸ್ಟಾರ್ ಸುಮ್ಮನಿರುತ್ತಾ? 2023ರ ಏಷ್ಯಾ ಕಪ್ ಮತ್ತು ವಿಶ್ವಕಪ್ ಅನ್ನು ಅವರೂ ಮೊಬೈಲಿನಲ್ಲಿ ಪುಕ್ಕಟೆ ಬಿಟ್ಟರು. ನವೆಂಬರ್ 19ರ ಫೈನಲ್ ದಿನ ಒಂದು ಹೊತ್ತಿನಲ್ಲಿ 5.9 ಕೋಟಿ ಜನ ಒಟ್ಟಿಗೆ ನೋಡುತ್ತಿದ್ದರಂತೆ. ನಾವು ಸೋತ ಮ್ಯಾಚು. ಸದ್ಯ, ಅದಕ್ಕೆ ದುಡ್ಡು ಕೊಡಲಿಲ್ಲ.

ಆ ಒಂದೆರಡು ವರ್ಷ ನಮ್ಮ ಪಾಲಿಗೆ ಸುಗ್ಗಿ. ಸಕಲೇಶಪುರದ ಕಡೆ ಕಾಫಿ ಕೊಯ್ಲಿಗೆ ಬಂದವರು, ಬಿ.ಎಂ. ರೋಡಿನಲ್ಲಿ ಬಾಡಿಗೆ ಕಾಯುವ ಆಟೋದವರು, ಕ್ಲಾಸಿನ ಕೊನೇ ಬೆಂಚಿನವರು, ಎಲ್ಲರೂ ನೋಡಿದ್ದೇ ನೋಡಿದ್ದು. ದೊಡ್ಡವರಿಬ್ಬರು ಜಗಳ ಆಡುತ್ತಾ ಇರಲಿ ದೇವರೇ, ನಮ್ಮ ಮ್ಯಾಚು ಹೀಗೇ ನಡೀಲಿ ಅನ್ನಿಸಿತ್ತು.

ಹಾಗೆ ಅನ್ನಿಸಿದ್ದು ಅವರ ಕಿವಿಗೂ ಬಿತ್ತೋ ಏನೋ. 2024ರ ನವೆಂಬರ್ 14ಕ್ಕೆ ಇಬ್ಬರೂ ಕೂಡಿಕೊಂಡರು. 70,352 ಕೋಟಿ ಬೆಲೆಯ ಜಂಟಿ ಕಂಪನಿ, ಹೆಸರು ಜಿಯೋಸ್ಟಾರ್. ಅದರ ಆ್ಯಪ್ ಜಿಯೋಹಾಟ್‌ಸ್ಟಾರ್ ಶುರುವಾದದ್ದು 2025ರ ಫೆಬ್ರವರಿ 14ಕ್ಕೆ. ಪ್ರೇಮಿಗಳ ದಿನವೇ ಸಿಕ್ಕಿತು ನೋಡಿ ಅವರಿಗೆ. ಮುಂದಿನ ತಿಂಗಳು ಐಪಿಎಲ್ ಬಂತು, ಧಾರಾಳವೆಲ್ಲ ಎಲ್ಲಿ ಹೋಯಿತೋ. ಮೂರು ತಿಂಗಳಿಗೆ 149 ಕೊಡಿ, ಇಲ್ಲ 299ಕ್ಕೆ ಕಡಿಮೆ ಇಲ್ಲದ ಜಿಯೋ ರೀಚಾರ್ಜ್ ಮಾಡಿಸಿ. 149ರಲ್ಲಿ ಜಾಹೀರಾತು ಇರುತ್ತೆ, ಸರಿ, ಅರ್ಥವಾಯಿತು. ಜಾಹೀರಾತು ಇಲ್ಲದ ದೊಡ್ಡ ಪ್ಲಾನ್‌ಗೆ ಆಗ 499 ಇತ್ತು, ಅದನ್ನು ತಗೊಂಡರೂ ಲೈವ್ ಮ್ಯಾಚಿಗೆ ಜಾಹೀರಾತು ಇದ್ದೇ ಇರುತ್ತೆ. ಅಂದರೆ ಜಾಹೀರಾತು ಅತಿ ಹೆಚ್ಚು ಸಿಟ್ಟು ತರಿಸುವ ಜಾಗ ಯಾವುದೋ, ಅದೊಂದನ್ನು ಬಿಟ್ಟು ಉಳಿದ ಕಡೆಯೆಲ್ಲ ಇಲ್ಲ.

ಜಗಳ ಆಡಿದ್ದು ಅವರು, ರಾಜಿ ಆದದ್ದೂ ಅವರು. ಖರ್ಚಿನ ಲೆಕ್ಕ ಮಾತ್ರ ನಮ್ಮ ಯುಪಿಐಗೆ ಬಂತು.

ನೆಟ್‌ಫ್ಲಿಕ್ಸ್‌ನವರದ್ದು ಇನ್ನೊಂದು ತಮಾಷೆ. 2017ರ ಮಾರ್ಚ್‌ನಲ್ಲಿ ಅವರೇ ಟ್ವೀಟ್ ಮಾಡಿದ್ದರು, ಪಾಸ್‌ವರ್ಡ್ ಹಂಚಿಕೊಳ್ಳೋದೇ ಪ್ರೀತಿ ಅನ್ನೋ ಅರ್ಥದಲ್ಲಿ. ಜನ ನಂಬಿದರು. ಒಂದು ಪಾಸ್‌ವರ್ಡ್ ಬೆಂಗಳೂರಿನ ಪಿಜಿಯಲ್ಲಿ ಹುಟ್ಟಿ, ಚನ್ನರಾಯಪಟ್ಟಣದ ಅಕ್ಕನ ಮನೆ ಮುಟ್ಟಿ, ಭಾವನ ತಮ್ಮನ ಮೂಲಕ ಬೇಲೂರಿಗೆ ಹೋಗಿ, ಅಲ್ಲಿಂದ ಯಾರು ಯಾರಿಗೋ ತಲುಪುತ್ತಿತ್ತು. 2022ರ ಮೊದಲ ಮೂರು ತಿಂಗಳಲ್ಲಿ ಜಗತ್ತಿನಾದ್ಯಂತ ಅವರಿಗೆ ಎರಡು ಲಕ್ಷ ಚಂದಾದಾರರು ಕಮ್ಮಿಯಾದರು, ಹತ್ತು ವರ್ಷದಲ್ಲೇ ಮೊದಲ ಸಲ. ಪ್ರೀತಿ ಅಲ್ಲಿಗೆ ಮುಗಿಯಿತು. 2023ರ ಜುಲೈ 20ಕ್ಕೆ ನಮ್ಮಲ್ಲೂ ಹೊಸ ನಿಯಮ ಬಂತು, ಒಂದು ಖಾತೆ ಒಂದು ಮನೆಯವರಿಗೆ ಮಾತ್ರ. ಮನೆ ಅಂದರೆ ಯಾರು ಅಂತ ನಮ್ಮ ಕಡೆ ಪಾಲು ವಿಭಾಗದ ಕೇಸುಗಳು ಕೋರ್ಟಿನಲ್ಲಿ ಮೊಮ್ಮಕ್ಕಳ ಕಾಲದವರೆಗೂ ನಡೆಯುತ್ತವೆ. ಇವರು ವೈಫೈ ನೋಡಿ ಒಂದು ಸಂಜೆಯಲ್ಲಿ ತೀರ್ಮಾನ ಮಾಡಿಬಿಟ್ಟರು. ಜಾಹೀರಾತು ನಮ್ಮ ಹತ್ತಿರಕ್ಕೂ ಬರಲ್ಲ ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದವರೂ ಇವರೇ. 2022ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಜಾಹೀರಾತಿನ ಪ್ಲಾನ್ ತಂದರು.

ಇದೇ ಕಂಪನಿಯ ಆಗಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ 2017ರಲ್ಲಿ ನಮ್ಮ ಪೈಪೋಟಿ ನಿದ್ದೆಯ ಜೊತೆ ಅಂದಿದ್ದರು. ಅವರು ಜುಲೈ ತಿಂಗಳಲ್ಲಿ ಒಂದು ವಾರ ನಮ್ಮ ಮಲೆನಾಡಿನ ಹೆತ್ತೂರು ಕಡೆ ಬಂದು ಇರಬೇಕಿತ್ತು. ಗಾಳಿಗೆ ಸಿಲ್ವರ್ ಮರ ಲೈನಿನ ಮೇಲೆ ಬೀಳುತ್ತೆ, ಕರೆಂಟು ಹೋಗುತ್ತೆ, ಟವರಿನ ಡೀಸೆಲ್ ಖಾಲಿಯಾಗುತ್ತೆ, ನೆಟ್‌ವರ್ಕ್ ಹೋಗುತ್ತೆ. ಆಮೇಲೆ ನಿದ್ದೆಗೆ ಎದುರಾಳಿಯೇ ಇಲ್ಲ.

ಎಲ್ಲಾ ಸರಿ ಇದ್ದ ದಿನವೂ ಮ್ಯಾಚಿನ ಗತಿ ನೋಡಿ. ಪಕ್ಕದ ಮನೆಯಲ್ಲಿ ಡಿಶ್ ಇದೆ, ನಮ್ಮಲ್ಲಿ ಮೊಬೈಲು. ನಮ್ಮ ಪರದೆಯಲ್ಲಿ ಬೌಲರ್ ಇನ್ನೂ ಚೆಂಡು ಪ್ಯಾಂಟಿಗೆ ಉಜ್ಜುತ್ತಾ ನಡೆದುಕೊಂಡು ಹೋಗುತ್ತಿರುತ್ತಾನೆ. ಆ ಕಡೆಯಿಂದ "ಹೋಯ್ತು! ಹೋಯ್ತು!" ಅಂತ ಕೂಗು. ಏನು ಹೋಯ್ತು, ಚೆಂಡಾ, ವಿಕೆಟ್ಟಾ? ಚಿಕ್ಕಪ್ಪ ಮೊಬೈಲನ್ನು ಕಿಟಕಿಗೆ ಒರಗಿಸಿಟ್ಟು, ಕೈ ಮುಗಿದುಕೊಂಡು, ಆಗಲೇ ಆಗಿಹೋದ ಬಾಲ್‌ಗೆ ಹರಕೆ ಹೊತ್ತುಕೊಳ್ಳುತ್ತಾರೆ. ಇಂಟರ್ನೆಟ್‌ನಲ್ಲಿ ವಿಡಿಯೋ ಚಿಕ್ಕ ಚಿಕ್ಕ ತುಂಡುಗಳಾಗಿ ಬರುತ್ತೆ, ಒಂದಷ್ಟು ತುಂಡು ಕೂಡಿಟ್ಟುಕೊಂಡ ಮೇಲೆಯೇ ಫೋನು ತೋರಿಸೋದು, ಅದಕ್ಕೇ ಈ ತಡ. ಯಾವ ಆ್ಯಪ್ ಆದರೂ ಅಷ್ಟೇ. ಇದನ್ನು ಚಿಕ್ಕಪ್ಪನಿಗೆ ಹೇಳಿದರೆ, "ಹಂಗಾದ್ರೆ ಲೈವ್ ಅಂತ ಯಾಕೋ ಬರ್ಕಂಡಿರದು?" ಅಂದರು.

ಇದರಲ್ಲಿ ನಮ್ಮ ಊರಿನವರಿಗೆ ಹೊಟ್ಟೆ ಉರಿಯುವ ಇನ್ನೊಂದು ವಿಷಯ ಇದೆ. ಹಾಸನದ ಸಾಲಗಾಮೆ ರೋಡಿನಲ್ಲಿ ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹ ನಿಯಂತ್ರಣ ಕೇಂದ್ರ ಇರೋದು ನಿಮಗೆ ಗೊತ್ತಲ್ಲ. 1982ರಿಂದ ಇನ್ಸಾಟ್, ಆಮೇಲೆ ಜಿಸ್ಯಾಟ್ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಿದ್ದಾರೆ. ದೂರದರ್ಶನದ ಡಿಡಿ ಫ್ರೀ ಡಿಶ್ ಬರೋದು ಜಿಸ್ಯಾಟ್-15ರಿಂದ. ತಿಂಗಳ ಬಾಡಿಗೆ ಇಲ್ಲ, ಪಾಸ್‌ವರ್ಡ್ ಇಲ್ಲ, ಒಂದು ಸಲ ತಟ್ಟೆ ಕೂರಿಸಿದರೆ ಮುಗೀತು. ದೇಶಕ್ಕೆಲ್ಲ ಪುಕ್ಕಟೆ ಟಿವಿ ತೋರಿಸೋ ಉಪಗ್ರಹವನ್ನು 36,000 ಕಿಲೋಮೀಟರ್ ಮೇಲೆ ಅಲುಗಾಡದ ಹಾಗೆ ಹಿಡಿದಿರುವ ಊರಿನಲ್ಲಿ ಕೂತು, ನಾವು ಯಾರದ್ದೋ ಹಾಟ್‌ಸ್ಪಾಟ್‌ಗೆ ಕೈಯೊಡ್ಡುತ್ತೇವೆ.

ದೊಡ್ಡಮ್ಮನ ಕೇರಿಯಲ್ಲಿ ಈಗ ಇನ್ನೊಂದು ರಗಳೆ. ಧಾರಾವಾಹಿಯ ನಾಳಿನ ಸಂಚಿಕೆ ಇವತ್ತೇ ನೋಡಿ ಅಂತ ಆ್ಯಪಿನವರು ಆಸೆ ಹುಟ್ಟಿಸುತ್ತಾರಲ್ಲ, ಎದುರುಮನೆಯವರು ಅದಕ್ಕೆ ದುಡ್ಡು ಕಟ್ಟಿದ್ದಾರೆ. ಸಂಜೆ ಗೇಟಿನ ಹತ್ತಿರ ನಿಂತು, ಸೊಪ್ಪು ಬಿಡಿಸುತ್ತಾ, "ನಾಳೆ ಅವಳಿಗೆ ನೆನಪು ವಾಪಸ್ ಬರುತ್ತೆ ಕಣ್ರೀ, ಅತ್ತೆಗೆ ಮಾತ್ರ ಹೇಳಲ್ಲ" ಅಂತಾರೆ. ದೊಡ್ಡಮ್ಮ ಕಿವಿ ಮುಚ್ಚಿಕೊಳ್ಳೋದು, ಅವರು ಜೋರಾಗಿ ಹೇಳೋದು. ಕೊನೆಗೆ ದೊಡ್ಡಮ್ಮನೂ ಕಟ್ಟಿದರು. ಧಾರಾವಾಹಿ ಮೇಲಿನ ಆಸೆಗಲ್ಲ, ಎದುರುಮನೆಯವರ ಬಾಯಿ ಮುಚ್ಚಿಸೋಕೆ. ಇಲ್ಲೂ ಅದೇ ಕಥೆ ಅಲ್ವಾ, ಕಾಟ ತಪ್ಪಿಸಿಕೊಳ್ಳೋಕೆ ಕಾಸು. ಈ ಸಲ ಕಾಟ ಕೊಡೋ ಕೆಲಸವನ್ನು ಕಂಪನಿ ಎದುರುಮನೆಗೆ ಗುತ್ತಿಗೆ ಕೊಟ್ಟಿದೆ, ಸಂಬಳ ಇಲ್ಲದೆ.

ಬಿಟ್ಟುಬಿಡೋಣ ಅಂದರೆ ಅದೂ ಸುಲಭ ಅಲ್ಲ. ಹೆಸರು ಬೇಡ, ಒಂದು ಆ್ಯಪ್‌ನ ಚಂದಾ ನಿಲ್ಲಿಸಲು ಹೋದೆ. ಸೇರಿಕೊಳ್ಳೋ ಬಟನ್ ಹಳದಿ, ಎದ್ದು ಕಾಣುವಷ್ಟು ದೊಡ್ಡದು. ಬಿಡೋ ಬಟನ್ ಬೂದು ಬಣ್ಣ, ಸೆಟ್ಟಿಂಗ್ಸ್ ಒಳಗೆ ಅಕೌಂಟು, ಅಕೌಂಟಿನ ಒಳಗೆ ಇನ್ನೇನೋ. ಒತ್ತಿದರೆ "ನಿಜವಾಗಲೂ ಹೋಗ್ತೀರಾ?" ಇನ್ನೊಮ್ಮೆ ಒತ್ತಿದರೆ "ಇಷ್ಟೆಲ್ಲ ಕಳೆದುಕೊಳ್ತೀರಿ" ಅಂತ ನಾನು ಯಾವತ್ತೂ ನೋಡದ ಇಪ್ಪತ್ತು ಸಿನಿಮಾದ ಪೋಸ್ಟರು. ಆಮೇಲೆ ಕಾರಣ ಕೇಳಿದರು. ಪಟ್ಟಿಯಲ್ಲಿ "ಸಮಯ ಇಲ್ಲ" ಇತ್ತು, "ಎಲ್ಲಾ ನೋಡಿ ಮುಗೀತು" ಇತ್ತು, "ನೀವು ಕಾಟ ಕೊಡ್ತೀರಿ" ಇರಲಿಲ್ಲ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ ಕಣ್ಕಟ್ಟುಗಳಲ್ಲಿ 13 ಬಗೆ ಗುರುತಿಸಿ ನಿಷೇಧ ಮಾಡಿದೆ, ಅದರಲ್ಲಿ ಚಂದಾ ಬಲೆ ಅನ್ನೋದೂ ಒಂದು. ಹೆಸರಿಟ್ಟದ್ದು ಚೆನ್ನಾಗಿದೆ. ಬಲೆಯೊಳಗಿನ ಮೀನಿಗೆ ಕಾನೂನಿನ ಪುಸ್ತಕ ಓದಲು ಬರಬೇಕು, ಅಷ್ಟೇ.

ಇಷ್ಟು ಕೋಟಿಗಳ ನಡುವೆ ಕನ್ನಡಕ್ಕೆ ಎಷ್ಟು ಬಂತು ಅಂತ ಕೇಳಬೇಡಿ. ಕರಾವಳಿಯ ಕಥೆಗಳನ್ನು ಇಟ್ಟುಕೊಂಡು ಮಾಡಿದ ಒಂದು ಕನ್ನಡ ವೆಬ್ ಸರಣಿಯನ್ನು ದೊಡ್ಡ ಒಟಿಟಿಗಳು ಯಾವುದೂ ತಗೊಳ್ಳದೆ, 2024ರಲ್ಲಿ ಅದನ್ನು ತೆಗೆದವರೇ ಸ್ವಂತ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಿದರು. ಕೊರಿಯಾದ ಹುಡುಗಿ ಹಾಸನದ ನಡುಮನೆಯಲ್ಲಿ ಅಳುತ್ತಾಳೆ, ಸ್ಪೇನಿನ ಕಳ್ಳ ಬಂದು ಕದಿಯುತ್ತಾನೆ, ಕನ್ನಡದವನಿಗೆ ಮಾತ್ರ ಮಾರ್ಕೆಟ್ ಇಲ್ಲ.

ಅದಕ್ಕೇ ಸರ್ಕಾರ ಎದ್ದು ನಿಂತಿದೆ. ಕೇರಳದವರು 2024ರ ಮಾರ್ಚ್‌ನಲ್ಲೇ ಸಿ ಸ್ಪೇಸ್ ಅಂತ ಸರ್ಕಾರಿ ಒಟಿಟಿ ತೆರೆದರು, ಒಂದು ಸಿನಿಮಾಗೆ 75 ರೂಪಾಯಿ ಅಂತ. ನಮ್ಮಲ್ಲಿ 2025ರ ಮಾರ್ಚ್ ಬಜೆಟ್‌ನಲ್ಲಿ ಸಿದ್ದರಾಮಯ್ಯನವರು ಕನ್ನಡ ಸಿನಿಮಾಗಳಿಗಾಗಿ ನಮ್ಮದೇ ಒಟಿಟಿ ತರುತ್ತೇವೆ ಅಂದರು. ಬರಲಿ, ಒಳ್ಳೇದೇ. ನನಗಿರೋ ಚಿಂತೆ ಒಂದೇ. ಸರ್ಕಾರದ ಆ್ಯಪ್ ಅಂದಮೇಲೆ ಸಿನಿಮಾ ಶುರುವಾಗುವ ಮೊದಲು ಮಂತ್ರಿಗಳು ಕೈ ಮುಗಿದುಕೊಂಡು ಬಂದೇ ಬರುತ್ತಾರೆ, ಇಂಟರ್‌ವಲ್‌ಗೆ ಉಸ್ತುವಾರಿ ಸಚಿವರು, ಕೊನೆಯಲ್ಲಿ ನಿಗಮದ ಅಧ್ಯಕ್ಷರು. ಅದನ್ನು ಸ್ಕಿಪ್ ಮಾಡುವ ಪ್ಲಾನ್ ಒಂದನ್ನು ದಯವಿಟ್ಟು ಇಡಿ. ಹಾಸನ ಜಿಲ್ಲೆಯ ಮೊದಲ ಚಂದಾದಾರ ನಾನೇ, ಐದು ವರ್ಷದ್ದು ಒಟ್ಟಿಗೇ ಕಟ್ಟುತ್ತೇನೆ.