ಕಿವಿ ಆಪರೇಷನ್‌ಗೆ ದುಡ್ಡಿದೆ, ಅಮ್ಮನ ಕೂಲಿಗೆ ಇಲ್ಲ

ಮೊನ್ನೆ ಮತ್ತೆ ಅದೇ ತರದ ಒಂದು ಫೋಟೋ ಓಡಾಡುತ್ತಿತ್ತು. ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕೇಳಿಸುವ ಹಾಗೆ ಮಾಡಲು ಒಳಕಿವಿಗೆ ಸಾಧನ ಕೂರಿಸುವ ಆಪರೇಷನ್, ಆದ ಮಗು, ತಲೆಗೆ ಬ್ಯಾಂಡೇಜು, ಪಕ್ಕದಲ್ಲಿ ಶಾಲು ಹೊದ್ದ ಗಣ್ಯರು, ಕೆಳಗೆ 'ಕೇಳಿಸದ ಮಗುವಿಗೆ ಮಾತು ಬಂತು' ಅಂತ ಸಾಲು. ಮಾತು ಎಲ್ಲಿ ಬಂತು ಸ್ವಾಮಿ? ಗಾಯವೇ ಇನ್ನೂ ಮಾಗಿಲ್ಲ. ಅದಕ್ಕೆ ಹೊರಗಿನಿಂದ ಹಾಕುವ ಮಷೀನ್ ಆನ್ ಮಾಡುವುದೇ ಕೆಲವು ವಾರ ಬಿಟ್ಟು.

ನಾನು ಕೇಳಿಸದ ಸಣ್ಣ ಮಕ್ಕಳ ಜೊತೆ, ಅವರ ಮನೆಯವರ ಜೊತೆ ಕೆಲಸ ಮಾಡುವವಳು. ಸಿರುಗುಪ್ಪ, ಸಿಂಧನೂರು ಕಡೆಯಿಂದಲೂ ಬರುತ್ತಾರೆ. ಹಾಗಾಗಿ ಫೋಟೋ ತೆಗೆದವರೆಲ್ಲ ಹೋದ ಮೇಲೆ ಏನಾಗುತ್ತೆ ಅಂತ ಸ್ವಲ್ಪ ಹೇಳಬೇಕು ಅನ್ನಿಸಿತು.

ಸ್ವಿಚ್ ಆನ್ ಮಾಡುವ ದಿನ ಅಪ್ಪ ಮೊಬೈಲ್ ಹಿಡಿದು ವಿಡಿಯೋಗೆ ರೆಡಿಯಾಗಿ ನಿಂತಿರುತ್ತಾನೆ. ಮಗು ತಿರುಗಿ 'ಅಮ್ಮಾ' ಅನ್ನುತ್ತೆ ಅಂತ ಆಸೆ. ಮಗು ಬೆಚ್ಚಿ ಬಿದ್ದು ಅಳುತ್ತೆ, ಇಲ್ಲಾ ಏನೂ ಆಗಿಲ್ಲ ಅನ್ನುವ ಹಾಗೆ ಕಾರು ಉರುಳಿಸುತ್ತಾ ಕೂತಿರುತ್ತೆ. ಮಗುವಿಗೆ 3 ವರ್ಷ ಇರಬಹುದು, ಅದರ ಕಿವಿ ಹುಟ್ಟಿದ್ದು ಇವತ್ತು. ಕೇಳಿಸುವ ಮಗು ಹುಟ್ಟುವ ಮೊದಲೇ ಹೊಟ್ಟೆಯಲ್ಲಿ ಅಮ್ಮನ ದನಿ ಕೇಳಿಸಿಕೊಂಡಿರುತ್ತೆ, ಹುಟ್ಟಿದ ಮೇಲೂ ಒಂದು ವರ್ಷ ಸುಮ್ನೆ ಕೇಳಿಸಿಕೊಂಡೇ ಆಮೇಲೆ ಒಂದು ಪದ ಆಡುತ್ತೆ. ಈ ಮಗುವಿಗೆ ಅದೆಲ್ಲ ಇವತ್ತಿನಿಂದ ಶುರು. ಅದಕ್ಕೆ ಮೂರು ನಾಲ್ಕು ವರ್ಷದ ತರಬೇತಿ ಬೇಕು, ಅದೂ ದಿನಾ.

ದಿನಾ ಅಂದರೆ ನಮ್ಮ ಥೆರಪಿ ಸೆಂಟರ್‌ನಲ್ಲಿ ಅಲ್ಲ, ಮನೆಯಲ್ಲಿ. ನಮ್ಮ ಹತ್ತಿರ ಮಗು ಇರುವುದು ವಾರಕ್ಕೆ ಒಂದೆರಡು ಗಂಟೆ. ಆ ಹೊತ್ತಿನಲ್ಲಿ ನಾವು ಕಲಿಸುವುದು ಹೆಚ್ಚಾಗಿ ಅಮ್ಮನಿಗೇ. ಬೆಳಿಗ್ಗೆ ಮಷೀನ್ ಹಾಕಿದ ಕೂಡಲೇ ಬಾಯಿ ಕಾಣದ ಹಾಗೆ ಮರೆ ಮಾಡಿಕೊಂಡು ಆ, ಈ, ಊ, ಮ್, ಶ್, ಸ್ ಅಂತ ಆರು ಸದ್ದು ಮಾಡಬೇಕು. ಲಿಂಗ್ ಟೆಸ್ಟ್ ಅಂತೀವಿ. ಮಗು ಒಂದು ರಿಂಗನ್ನು ಕಿವಿ ಹತ್ತಿರ ಹಿಡಿದುಕೊಂಡು ಕಾಯುತ್ತೆ, ಕೇಳಿಸಿದರೆ ಡಬ್ಬಿಗೆ ಹಾಕುತ್ತೆ. ನಿನ್ನೆವರೆಗೂ 'ಸ್'ಗೆ ರಿಂಗ್ ಹಾಕುತ್ತಿದ್ದ ಮಗು ಇವತ್ತು ಹಾಗೇ ಹಿಡಿದುಕೊಂಡು ಕೂತಿದ್ದರೆ ಮಷೀನಿನಲ್ಲಿ ಏನೋ ತೊಂದರೆ ಇದೆ ಅಂತ ಅಮ್ಮನಿಗೆ ಗೊತ್ತಾಗಬೇಕು. ಎರಡನೇ ಕ್ಲಾಸ್‌ಗೆ ಶಾಲೆ ಬಿಟ್ಟ ಹೆಣ್ಣುಮಗಳೊಬ್ಬಳು ಇದನ್ನ ಎಷ್ಟು ಚೆನ್ನಾಗಿ ಮಾಡುತ್ತಾಳೆ ಅಂದರೆ, ಕೇಬಲ್ ಹೋಗಿದೆಯಾ ಬ್ಯಾಟರಿ ವೀಕಾ ಅಂತ ಫೋನಿನಲ್ಲೇ ನನಗೆ ಹೇಳುತ್ತಾಳೆ.

ಅವಳ ಮನೆಗೆ ಹೋಗಿದ್ದೆ. ರೊಟ್ಟಿ ತಟ್ಟುತ್ತಿದ್ದಳು. ಟಪ್ ಟಪ್ ಟಪ್. ಮಗ ಬೆನ್ನು ಮಾಡಿಕೊಂಡು ಆಡುತ್ತಿದ್ದ. ಇವಳು ತಟ್ಟುವುದನ್ನ ಪಟ್ಟನೆ ನಿಲ್ಲಿಸಿದಳು. ಅವನು ತಿರುಗಿ ನೋಡಿದ. 'ರೊಟ್ಟಿ ಸದ್ದು ನಿಂತು ಹೋಯ್ತಾ? ತಟ್ಟಲಾ?' ಅಂದಳು, ಅವನು ತಲೆ ಆಡಿಸಿದ, ಇವಳು ಮತ್ತೆ ತಟ್ಟಿದಳು. ಇದನ್ನ ನಾನು ಹೇಳಿಕೊಟ್ಟಿರಲಿಲ್ಲ. ಥೆರಪಿ ಅಂದರೆ ಬಣ್ಣಬಣ್ಣದ ಪ್ಲಾಸ್ಟಿಕ್ ಆಟಿಕೆ, ಎಸಿ ರೂಮು ಅಂದುಕೊಂಡವರು ಒಮ್ಮೆ ಆ ಒಲೆ ಮುಂದೆ ಕೂತು ನೋಡಬೇಕು.

ಆದರೆ ನಾಟಿ ಸೀಸನ್ ಬಂದರೆ ಇದೇ ಅಮ್ಮಂದಿರು ಬರುವುದಿಲ್ಲ. ಹೇಗೆ ಬರುತ್ತಾರೆ? ಒಂದು ದಿನ ನಮ್ಮ ಸೆಂಟರ್‌ಗೆ ಬಂದರೆ ಆ ದಿನದ ಕೂಲಿ ಹೋಯ್ತು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜ್ ಚಿಂತೆ ತಪ್ಪಿದೆ, ಯಾರು ಏನೇ ಆಡಿಕೊಳ್ಳಲಿ, ನಮ್ಮಲ್ಲಿ ಅದರಿಂದ ಉಪಯೋಗ ಆಗಿದ್ದು ನಿಜ. ಕೂಲಿ ಮಾತ್ರ ಹಾಗೇ ಉಳಿಯಿತು. ಗುಳೆ ಹೋದರಂತೂ ಮುಗಿಯಿತು. ಬೆಂಗಳೂರಿನ ಯಾವುದೋ ಕಟ್ಟಡದ ಪಕ್ಕ ತಗಡಿನ ಶೆಡ್, ಸಿಮೆಂಟ್ ಧೂಳು, ಚಾರ್ಜಿಂಗ್‌ಗೆ ಒಂದೇ ಪ್ಲಗ್ಗು, ಅದರಲ್ಲಿ ಎಲ್ಲರ ಮೊಬೈಲು. ಲಕ್ಷಗಟ್ಟಲೆ ಬೆಲೆಯ ಮಷೀನು ಕಳೆದು ಹೋದೀತು ಅಂತ ಹೆದರಿ ಟ್ರಂಕಿನಲ್ಲಿ ಇಟ್ಟಿರುತ್ತಾರೆ. ಆರು ತಿಂಗಳು ಬಿಟ್ಟು ಬಂದಾಗ ಮಗು ರಿಂಗ್ ಹಿಡಿಯುವುದನ್ನೂ ಮರೆತಿರುತ್ತೆ. ಆಗ ಸುತ್ತಲಿನವರು ಹೇಳುವ ಮಾತು ಒಂದೇ, 'ಸರ್ಕಾರ ಅಷ್ಟು ಖರ್ಚು ಮಾಡಿತು, ಇವಳಿಗೆ ಜವಾಬ್ದಾರಿ ಇಲ್ಲ.'

ಇವಳಿಗೆ! ಇವನಿಗೆ ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ. ಮಗುವಿಗೆ ಕೇಳಿಸಲ್ಲ ಅಂತ ಗೊತ್ತಾದ ದಿನದಿಂದಲೂ ಇದೇ ಕತೆ. ಗ್ರಹಣದಲ್ಲಿ ಹೊರಗೆ ಬಂದಳು, ಅದು ತಿಂದಳು, ಇದು ತಿಂದಳು. ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ್ದು ಮನೆಯ ಹಿರಿಯರು, ರಕ್ತಸಂಬಂಧದಲ್ಲಿ ಹುಟ್ಟಿನ ಕಿವುಡು ಜಾಸ್ತಿ ಅನ್ನುವುದು ಎಲ್ಲಾ ಡಾಕ್ಟರಿಗೂ ಗೊತ್ತಿರುವ ವಿಷಯ, ಆದರೂ ಬೈಸಿಕೊಳ್ಳುವುದು ಅವಳೇ.

ಇನ್ನು ತಡ ಮಾಡುವುದರ ಬಗ್ಗೆ. ಹುಟ್ಟಿದ 1 ತಿಂಗಳೊಳಗೆ ಕಿವಿ ಪರೀಕ್ಷೆ, 3 ತಿಂಗಳೊಳಗೆ ಖಚಿತ, 6 ತಿಂಗಳೊಳಗೆ ಹಿಯರಿಂಗ್ ಏಡ್ ಮತ್ತು ತರಬೇತಿ, ಇದು ನಮ್ಮ ಕ್ಷೇತ್ರದ ಲೆಕ್ಕ. ಮಗು ನಿದ್ದೆ ಮಾಡುವಾಗ ಕೆಲವೇ ನಿಮಿಷದಲ್ಲಿ ಓಎಇ ಅನ್ನುವ ಕಿವಿ ಪರೀಕ್ಷೆ ಮಾಡಬಹುದು. ನಮ್ಮ ಹತ್ತಿರ ಬರುವಾಗ ಎಷ್ಟೋ ಮಕ್ಕಳಿಗೆ ಎರಡೂವರೆ, ಮೂರು ವರ್ಷ. ತಟ್ಟೆ ಬಿದ್ದರೆ ತಿರುಗುತ್ತೆ, ಹಾಗಾಗಿ ಕೇಳುತ್ತೆ ಅಂದುಕೊಂಡಿರುತ್ತಾರೆ. ದೊಡ್ಡ ಸದ್ದು ಒಂದಿಷ್ಟು ಕೇಳಿಸುವುದಕ್ಕೂ ಮಾತು ಕೇಳಿಸುವುದಕ್ಕೂ ಬಹಳ ವ್ಯತ್ಯಾಸ ಇದೆ. ಅಷ್ಟರಲ್ಲಿ ಬಜೆ ತೇಯ್ದು ನಾಲಿಗೆಗೆ ಸವರಿ ಆಗಿರುತ್ತೆ, ಹರಕೆ ಹೊತ್ತಾಗಿರುತ್ತೆ, 'ಅವರಪ್ಪನೂ ಲೇಟಾಗೇ ಮಾತಾಡಿದ್ದು' ಅಂತ ಅಜ್ಜಿ ಹೇಳಿ ಆಗಿರುತ್ತೆ. ಅಜ್ಜಿ ಬಿಡಿ, ಕೆಲವು ಡಾಕ್ಟರೂ 'ಕಾದು ನೋಡೋಣ' ಅಂತಾರೆ. ಅಜ್ಜಿ ಮೇಲೆ ನನಗೆ ಸಿಟ್ಟಿಲ್ಲ.

ಹುಟ್ಟಿನಿಂದ ಕೇಳಿಸದ ಮಗುವಿಗೆ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಇಂಪ್ಲಾಂಟ್‌ಗೆ 5 ವರ್ಷದ ಗಡಿ. ಅದು ದಾಟಿ ಬಂದ ಮಕ್ಕಳಿಗೂ 'ಸನ್ನೆ ಮಾಡಬೇಡಿ, ಮಾಡಿದರೆ ಮಾತು ಬರಲ್ಲ' ಅಂತ ಹೇಳಿ ಕಳಿಸುವವರು ನಮ್ಮಲ್ಲಿ ಇದ್ದಾರೆ, ನನಗೆ ಇದು ಒಪ್ಪಿಗೆ ಇಲ್ಲ. ಆರು ವರ್ಷದ ಮಗುವಿಗೆ ಹೊಟ್ಟೆ ನೋವು ಅಂತ ಹೇಳಲು ಯಾವ ಭಾಷೆಯೂ ಇಲ್ಲ ಅಂದರೆ ಅದಕ್ಕಿಂತ ಕ್ರೂರ ಏನಿದೆ? ಭಾರತೀಯ ಸನ್ನೆ ಭಾಷೆ ಪೂರ್ತಿ ಭಾಷೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಅದಕ್ಕೆ ಜಾಗ ಇದೆ. ಅಪ್ಪ ಅಮ್ಮನೂ ಕಲಿಯಲಿ. ಈ ವಿಷಯಕ್ಕೆ ಕಮೆಂಟಲ್ಲಿ ಜಗಳಕ್ಕೆ ಬರುವವರು ಬರಬಹುದು.

ಹಾಗಂತ ಯೋಜನೆಗಳು ಸರಿಯಿಲ್ಲ ಅಂತ ನಾನು ಹೇಳುತ್ತಿಲ್ಲ. ಆಪರೇಷನ್ ಆದ ಮೇಲಿನ ಥೆರಪಿಯೂ ಯೋಜನೆಯಲ್ಲಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಅಲ್ಲಿನ ಪ್ರಿಸ್ಕೂಲಿನಲ್ಲಿ ಅಮ್ಮಂದಿರು ಮಕ್ಕಳ ಜೊತೆಗೇ ಕೂತು ಕಲಿಯುತ್ತಾರೆ. ಆದರೆ ಸಿಂಧನೂರಿನ ಕೂಲಿ ಹೆಂಗಸು ಮೈಸೂರಿನಲ್ಲಿ ಮನೆ ಮಾಡಿಕೊಂಡು ಇರಲು ಆಗುತ್ತಾ? ಜಿಲ್ಲಾ ಆಸ್ಪತ್ರೆಯ ಡಿಇಐಸಿವರೆಗೂ (ಮಕ್ಕಳ ತೊಂದರೆ ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರ) ಬರುವುದೇ ಅವಳಿಗೆ ಒಂದು ದಿನದ ಕೆಲಸ.

ನಾನು ಕೇಳುತ್ತಿರುವುದು ಹೊಸದೇನಲ್ಲ. ತೀರಾ ಅಪೌಷ್ಟಿಕತೆ ಇರುವ ಮಗುವನ್ನ ಎನ್‌ಆರ್‌ಸಿಗೆ, ಅಂದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ, ಸೇರಿಸಿದರೆ ಜೊತೆಗೆ ಉಳಿದ ಅಮ್ಮನಿಗೆ ಕೂಲಿ ನಷ್ಟಕ್ಕೆ ಅಂತ ದಿನದ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ. ಅಂದರೆ ಅಮ್ಮ ಮಗುವಿನ ಜೊತೆ ಇರುವುದೂ ಚಿಕಿತ್ಸೆಯ ಭಾಗ ಅಂತ ಸರ್ಕಾರವೇ ಒಪ್ಪಿಕೊಂಡಿದೆ ಅಲ್ವಾ? ಅದೇ ದುಡ್ಡನ್ನ ಥೆರಪಿಗೆ ಬಂದ ದಿನಕ್ಕೂ ಕೊಡಿ, ಅಪ್ಪ ಬಂದರೆ ಅಪ್ಪನಿಗೂ ಕೊಡಿ. ಒಂದು ಮೀಟಿಂಗ್‌ನಲ್ಲಿ ಇದನ್ನ ಹೇಳಿದೆ. 'ಒಳ್ಳೆ ಐಡಿಯಾ ಮೇಡಂ, ಆದರೆ ಇದಕ್ಕೆ ಬಜೆಟ್‌ನಲ್ಲಿ ಹೆಡ್ ಇಲ್ಲ' ಅಂದರು. ಮುಂದಿನ ಮೀಟಿಂಗ್‌ಗೆ ಎನ್‌ಆರ್‌ಸಿ ಆದೇಶದ ಜೆರಾಕ್ಸ್ ತೆಗೆದುಕೊಂಡು ಹೋಗುತ್ತಿದ್ದೇನೆ.